ಅಪ್ಪನ ದನಿಯೂ ನಮ್ಮ ಮನೆಯ ಮೇನ್ ಸ್ವಿಚ್ಚೂ

ಈ ಬರಹದಲ್ಲಿ ಲೋಪದೋಷಗಳು ಕಂಡುಬಂದರೆ ಓದುಗರು ಮೊದಲೇ ಕ್ಷಮಿಸಬೇಕಾಗಿ ವಿನಂತಿ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಹೀಗಾಗಿ ನಾಲ್ಕು ಸಾಲು ಬರೆಯುವಾಗಲೂ ಯಾರೋ ಕೆಂಪು ಮಸಿಯ ಪೆನ್ನು ಹಿಡಿದು ಬೆನ್ನ ಹಿಂದೆ ನಿಂತಿದ್ದಾರೆಂಬ ಅಳುಕು ನನ್ನನ್ನು ಇನ್ನೂ ಬಿಟ್ಟಿಲ್ಲ. ಪದವಿಯಿಂದ ಕಲಬುರಗಿಯ ಕಚೇರಿಯೊಂದರಲ್ಲಿ ನನಗೆ ಕುರ್ಚಿ ದೊರೆಯಿತು, ನಿಜ. ಆದರೆ ಬಂಧುಬಳಗದಲ್ಲಿ ಯಾವ ಯಂತ್ರ ಕೆಟ್ಟರೂ ನಾನೇ ಸರಿಪಡಿಸಬೇಕೆಂಬ ಹೊಣೆಯೂ ಅದರೊಂದಿಗೇ ಬಂತು. ನಾನು ಓದಿದ್ದು ಇತಿಹಾಸ. ಎಷ್ಟು ಸಲ ಹಾಗೆಂದು ತಿಳಿಸಿದರೂ, "ಓದ್ಯಾನಲ್ಲ, ಗೊತ್ತಿರ್ತದ ತಗೋ" ಎಂಬುದೇ ಎಲ್ಲರ ತೀರ್ಮಾನ. ಪ್ರತಿಭಟಿಸುವ ಶಕ್ತಿಯೂ ಈಗ ನನ್ನಲ್ಲಿ ಉಳಿದಿಲ್ಲ.

ನನ್ನ ಅಪ್ಪ ಕಮಲಾಪುರದಲ್ಲಿ ಹೊಲಗೆಲಸದ ಕೂಲಿ ಮಾಡಿ ನಮ್ಮನ್ನು ಸಾಕಿದವರು. ಸಂಜೆ ದಮ್ಮಡಿ ಬಾರಿಸುತ್ತ, ತಾವೇ ಕಟ್ಟಿದ ಪದಗಳನ್ನು ಹಾಡುತ್ತಿದ್ದರು. ಆ ಪದಗಳ ರೀತಿಯೇ ವಿಶೇಷ: ಅಪ್ಪ ಪ್ರಶ್ನೆ ಹಾಡುವರು, ಅವ್ವ ಉತ್ತರ ಹಾಡುವಳು. ಅಪ್ಪ ತೀರಿಕೊಂಡ ಮೇಲೆ, ಅವರ ಪದಗಳಿದ್ದ ಕ್ಯಾಸೆಟ್ಟುಗಳನ್ನು ಜೇವರ್ಗಿ ಕಾಲೋನಿಯ ನಮ್ಮ ಮನೆಯ ಕಂಪ್ಯೂಟರಿಗೆ ಇಳಿಸಿಟ್ಟೆ. ಕಮಲಾಪುರದಲ್ಲಿ ನನ್ನ ತಮ್ಮನ ಸಂಸಾರದೊಂದಿಗಿರುವ ಅವ್ವ ಒಂದು ದಿನ ಫೋನ್ ಮಾಡಿ, "ಉತ್ತರ ಎಲ್ಲಾ ನನ್ನ ನಾಲಿಗಿ ಮ್ಯಾಲ ಅವ. ಪ್ರಶ್ನಿ ಅಂವ ತನ್ನ ಸಂಗಟ ಒಯ್ದಾನ. ಕೇಳಸೋ ತಮ್ಮಾ, ಇಲ್ಲಂದ್ರ ಉತ್ತರಾನೂ ಮರಿತೀನಿ" ಎಂದಳು.

ಇದನ್ನು ಸುಲಭದ ಕೆಲಸವೆಂದು ತಾವು ಭಾವಿಸಬಹುದು. ನಾನೂ ಭಾವಿಸಿದ್ದೆ. ಆದರೆ ಅವ್ವನ ಫೋನಿನಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ. ನೆಂಟರು ದಿನವೂ ಮುಂಜಾನೆ ಕಳುಹಿಸುವ ಹೂವು, ದೇವರು, ಉದಯಿಸುವ ಸೂರ್ಯ ಇವುಗಳಿಂದ ಅದು ತುಂಬಿಹೋಗಿತ್ತು. ಅಳಿಸೋಣವೆಂದರೆ, "ಮಂದಿ ಪ್ರೀತಿಲೆ ಕಳಿಸಿದ್ದು ಅಳಸ್ತಾರೇನು?" ಎಂದಳು. ಅಂತರ್ಜಾಲದ ಯಾವುದಾದರೂ ಉಗ್ರಾಣದಲ್ಲಿ ಇಡೋಣವೆಂದೆ. ಆ ಉಗ್ರಾಣ ಯಾರದು, ಎಲ್ಲಿದೆ ಎಂದು ವಿಚಾರಿಸಿದಳು. ನನಗೂ ತಿಳಿದಿರಲಿಲ್ಲ. "ನಿಮ್ಮಪ್ಪನ ದನಿ ಮಂದಿ ಮನ್ಯಾಗ ಯಾಕಿಡ್ತಿ? ನಮ್ಮ ಮನ್ಯಾಗೇ ಇರಲಿ" ಎಂದು ಆ ಕಡತವನ್ನು ಮುಕ್ತಾಯಗೊಳಿಸಿದಳು.

ಕೊನೆಗೆ ಬಹಳ ಪರಿಶ್ರಮದಿಂದ, ನಮ್ಮ ಮನೆಯ ಕಂಪ್ಯೂಟರಿನಲ್ಲಿರುವ ಪದಗಳು ಅವ್ವನ ಫೋನಿನಲ್ಲಿ ಕೇಳಿಸುವಂತಹ ವ್ಯವಸ್ಥೆಯನ್ನು ಮಾಡಿದೆ. ಹಾಡು ಅಲ್ಲಿ ಹೊಮ್ಮಬೇಕಾದರೆ ಇಲ್ಲಿ ಕಂಪ್ಯೂಟರು ಚಾಲೂ ಇರಬೇಕು, ಅಷ್ಟೆ. ಮೊದಲ ದಿನ ಅವ್ವ ಫೋನಿನಲ್ಲಿ ಅತ್ತಳು. ಎರಡನೆಯ ದಿನ ಬೈದಳು: "ನಿಮ್ಮಪ್ಪ ನಡಬರಕ್ಕ ಬಾಯಿ ಮುಚ್ಯಾನ, ಏನ್ ಮಾಡ್ದಿ?"

ಆಗಿದ್ದೇನೆಂದರೆ, ನನ್ನ ಹೆಂಡತಿ ಶೋಭಾ ತರಕಾರಿ ತರಲು ಹೊರಟಾಗ ಮೇನ್ ಸ್ವಿಚ್ ಆರಿಸಿದ್ದಳು. ಗ್ಯಾಸ್ ಬಂದ್ ಮಾಡುವುದು, ಮೇನ್ ಆರಿಸುವುದು, ಬೀಗ ಜಗ್ಗಿ ನೋಡುವುದು: ಮನೆ ಬಿಡುವಾಗಿನ ಈ ಆಚಾರವನ್ನು ಶೋಭಾಳಿಗೆ, ಮದುವೆಯಾಗಿ ಬಂದ ವಾರದಲ್ಲೇ, ಕಲಿಸಿದವಳು ಅವ್ವ. ಇದನ್ನು ಅವ್ವನಿಗೆ ತಿಳಿಸಿದಾಗ, "ಸೊಸಿ ಮಾಡಿದ್ದು ಬರೋಬ್ಬರಿ ಅದ. ನಿಂದೇ ಏನೋ ತಪ್ಪಾಗ್ಯಾದ" ಎಂದಳು. ಕಾಲೋನಿಯೊಳಗೇ ಹೋಗುವುದಾದರೆ ಮೇನ್ ಆರಿಸಬಾರದು ಎಂದು ಕೊನೆಗೆ ರಾಜಿಯಾಯಿತು.

ಅಪ್ಪ ತೀರಿಕೊಂಡ ವರ್ಷದ ದಿನ ಬಂತು. ಅವ್ವ ಓಣಿಯವರಿಗೆಲ್ಲ, "ಅವರ ದನಿ ಕೇಳಸ್ತೀನಿ, ಬರ್ರಿ" ಎಂದು ಹೇಳಿಬಿಟ್ಟಿದ್ದಳು. ನಾನು ಹೊಸ ಸ್ಪೀಕರ್ ಕೊಂಡೆ. ಒಂದೆರಡು ಪದಗಳನ್ನು ನನ್ನ ಫೋನಿಗಾದರೂ ಇಳಿಸಿಕೊಳ್ಳಬಹುದಿತ್ತೆಂದು ಈಗ ಎಲ್ಲರೂ ಹೇಳುತ್ತಾರೆ. ವ್ಯವಸ್ಥೆ ಸಮರ್ಪಕವಾಗಿರುವಾಗ ನಕಲು ಇಟ್ಟುಕೊಳ್ಳುವುದು ಆ ವ್ಯವಸ್ಥೆಗೆ ಅವಮಾನವೆಂದು ಆಗ ನನಗೆ ತೋರಿತ್ತು.

ಕಮಲಾಪುರದ ಮನೆಯಂಗಳದಲ್ಲಿ ಜಮಖಾನ ಹಾಸಿತ್ತು. ಅಪ್ಪನ ಫೋಟೋದ ಮುಂದೆ ಕೆಂಪು ಬಾಳೆಹಣ್ಣು ಇಟ್ಟಿದ್ದರು. ಓಣಿಯ ಜನ ಬಂದು ಕುಳಿತರು. ನಾನು ಸ್ಪೀಕರ್ ಜೋಡಿಸಿ, ಗಂಟಲು ಸರಿಪಡಿಸಿಕೊಂಡು, ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

ನಾನು ಶೋಭಾಳ ಕಡೆ ನೋಡಿದೆ.

"ನನ್ನ ಯಾಕ ನೋಡ್ತೀರಿ?" ಎಂದಳು ಆಕೆ ಮೆಲ್ಲಗೆ. "ಬಸ್ಸಿನ್ಯಾಗ 'ಮೇನ್ ಆಫ್ ಮಾಡಿದಿಯಾ, ಖರೇ ಮಾಡಿದಿಯಾ' ಅಂತ ಹೈರಾಣ ಮಾಡಿದವರು ನೀವೇ ಅಲ್ಲೇನ್ರಿ?"

ನಾನೇ. ಊರು ಬಿಟ್ಟು ಹೊರಟಾಗ ನನ್ನೊಳಗಿನ ಭಯ ಯಾವ ರಾಜಿಯನ್ನೂ ಲೆಕ್ಕಿಸುವುದಿಲ್ಲ. ಮನೆಮಂದಿಯೆಲ್ಲ ಅಪ್ಪನ ದನಿ ಕೇಳಲು ಇಲ್ಲಿಗೆ ಬಂದು, ಅಪ್ಪನನ್ನು ಅಲ್ಲಿ ಕತ್ತಲಲ್ಲಿ ಕೂಡಿಹಾಕಿದ್ದೆವು.

"ಸಾಹೇಬ್ರು ಫೋನಿನ ಪೂಜಾ ಮಾಡ್ಲಾಕತ್ತಾರೇನು?" ಎಂದು ನೆರೆಮನೆಯ ಕಾಶಮ್ಮ ಕೇಳಿದಳು. ಜನ ನಕ್ಕರು. ನಾನು ತಾಂತ್ರಿಕ ಅಡಚಣೆಯ ಬಗ್ಗೆ ಶುದ್ಧವಾದ ವಾಕ್ಯವೊಂದನ್ನು ಆರಂಭಿಸಿದೆ. ಅದನ್ನು ಮುಗಿಸಲು ಕ್ರಿಯಾಪದ ದೊರೆಯಲಿಲ್ಲ.

ಅಷ್ಟರಲ್ಲಿ ಅವ್ವ ಹಾಡತೊಡಗಿದಳು: "ಬಿತ್ತಿದಾತ ಬಲ್ಲ, ಕಳೆ ಕಿತ್ತಾಕಿ ಬಲ್ಲಳೋ..."

ಹಾಡಿ ನಿಲ್ಲಿಸಿದಳು. ಅಪ್ಪನ ಸಾಲು ಬರಬೇಕಾದಷ್ಟು ಹೊತ್ತು ಸುಮ್ಮನೆ ಕುಳಿತು, ಮುಂದಿನ ಉತ್ತರ ಹಾಡಿದಳು. ಮತ್ತೆ ಸುಮ್ಮನಾದಳು.

"ಏನ್ ಬಲ್ಲಳಬೇ ಆಕಿ?" ಎಂದು ಕಾಶಮ್ಮ ತಡೆಯಲಾರದೆ ಕೇಳಿದಳು. "ಪ್ರಶ್ನಿ ಏನದ?"

"ಪ್ರಶ್ನಿ ಕಲಬುರಗ್ಯಾಗ ಅದ," ಎಂದಳು ಅವ್ವ. "ಬೀಗ ಹಾಕಿ ಬಂದಾನ ನನ್ನ ಮಗ."

ಈ ಸಲವೂ ಜನ ನಕ್ಕರು. ಆದರೆ ಅವ್ವ ಮತ್ತೆ ಹಾಡಿದಾಗ, ನಡುವಿನ ಆ ಖಾಲಿ ಜಾಗದಲ್ಲಿ ಯಾರೂ ಕೆಮ್ಮಲಿಲ್ಲ.

ಆ ಬಳಿಕ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಯನ್ನು ನೇರವಾಗಿ ತಿಳಿಸಿಬಿಡುತ್ತೇನೆ. ವಾರವಿಡೀ ಕಂಪ್ಯೂಟರಿನ ಮುಂದೆ ಕುಳಿತು ಅಪ್ಪನ ಪ್ರಶ್ನೆಗಳನ್ನು ನಾನು ಬಾಯಿಪಾಠ ಮಾಡುತ್ತೇನೆ. ರವಿವಾರ ಎಲ್ಲರೂ ಕಮಲಾಪುರಕ್ಕೆ ಹೋಗುತ್ತೇವೆ. ನಾನು ಪ್ರಶ್ನೆ ಹಾಡುತ್ತೇನೆ, ಅವ್ವ ಉತ್ತರ ಹಾಡುತ್ತಾಳೆ. ಕಲಬುರಗಿಯಿಂದ ಕಮಲಾಪುರಕ್ಕೆ ಹಾಡು ಸಾಗಿಸುವ ಯಂತ್ರ ಈಗ ನಾನೇ. ಬಸ್ಸಿನಲ್ಲಿ ಸೀಟು ಸಿಗದ ದಿನ ಯಂತ್ರ ಸ್ವಲ್ಪ ಬಿಸಿಯಾಗಿರುತ್ತದೆ.

"ಕಾಳಿನ ಕನಸನ್ನು ಬಲ್ಲವರು ಯಾರು?" ಎಂದು ಮೊದಲ ರವಿವಾರ ನಾನು ಹಾಡಿದಾಗ ಅವ್ವ ಕೈಯೆತ್ತಿ ತಡೆದಳು. "ಹಾಡ್ಲಾಕತ್ತಿಯೋ, ಸರ್ಕಾರಿ ಆರ್ಡರ್ ಓದ್ಲಾಕತ್ತಿಯೋ? ಹಂಗ ಕೇಳಿದ್ರ ಉತ್ತರ ಯಾರು ಕೊಡ್ತಾರ? 'ಬಲ್ಲವರ್ಯಾರೋ' ಅನ್ನು."

ತಿದ್ದುಪಡಿಯನ್ನು ನಾನು ಒಪ್ಪಿಕೊಂಡೆ. ಕೆಂಪು ಮಸಿಯ ಪೆನ್ನು ಹಿಡಿದು ಬೆನ್ನ ಹಿಂದೆ ನಿಂತಿದ್ದವರು ಯಾರೆಂದು ಆಗ ತಿಳಿಯಿತು. ಈಗ ಪ್ರತಿ ವಾರವೂ ನಾನು ಹೊಸ್ತಿಲು ದಾಟುವುದಕ್ಕೆ ಮೊದಲೇ ಅವ್ವ ಕೇಳುತ್ತಾಳೆ:

"ಮೇನ್ ಆಫ್ ಮಾಡಿ ಬಂದಿಯೇನೋ?"

"ಮಾಡೀನಬೇ."

"ಹಂಗಾರ ಕೂಡು. ಹಾಡು."