ಮೇಲ್ಭಾಗದ ಬಿಸಿನೀರು

“ನನ್ನ ಪೈಪಿಗೆ ಗರಗಸ ಹಚ್ಚಿದ್ರ ನೋಡು ಮತ್ತ!”

ಸಿಂಧನೂರಿನ ತಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ಹೀಗೆ ಗರ್ಜಿಸಿದವರು ಉಪನ್ಯಾಸಕ ಪಂಪಾಪತಿಯವರು. ಸೋಲಾರ್ ತೊಟ್ಟಿಯಿಂದ ಇಳಿದ ಒಂದೇ ಒಂದು ಕೊಳವೆ, ಮಹಡಿಯಲ್ಲಿದ್ದ ಅವರ ಬಚ್ಚಲಿಗೆ ಮಾತ್ರ ಬಿಸಿನೀರನ್ನು ಒಯ್ಯುತ್ತಿತ್ತು. ಈಗ ಹೆಂಡತಿ ನಂದಿನಿಯ ತಾಯಿ, ಮಂಡಿನೋವಿನ ಅತ್ತೆಯವರು, ದಢೇಸುಗೂರಿನಿಂದ ಬಂದು ನೆಲೆಸಿದ್ದರಿಂದ ಕೆಳಮನೆಯಲ್ಲಿ ಹೊಸ ಬಚ್ಚಲೊಂದು ಎದ್ದು, ಅದೂ ಬಿಸಿನೀರನ್ನು ಬೇಡುತ್ತಿತ್ತು. ಬೆಳಗಿನ ಬಿಸಿಸ್ನಾನವಿಲ್ಲದೆ ಪಂಪಾಪತಿಯವರ ದೇವರು ಪೂಜೆಯನ್ನು ಸ್ವೀಕರಿಸಿದ ದಾಖಲೆಯಿಲ್ಲ; ಆದುದರಿಂದ ಅವರು ಕೊಳವೆಯನ್ನು ಶಿವಧನುಸ್ಸಿನಂತೆ ಅವುಚಿ ಹಿಡಿದಿದ್ದರು.

ನಂದಿನಿ: ಒಂದು ಪೈಪ್ ಕೂಡಸೂದಕ್ಕ ಇಷ್ಟ್ಯಾಕ ಒದರತೀರಿ? ಎದುರುಮನಿಯೋರು ಕಿಡಕಿ ತಗದು ನೋಡಾಕತ್ತಾರ.

ಪಂಪಾಪತಿ: ನೋಡ್ಲಿ! ನಿಮ್ಮವ್ವ ಬಂದ ದಿನಾನ ನನ್ನ ಆರಾಮ್ ಕುರ್ಚಿ ಬಿಟ್ಟುಕೊಟ್ಟೀನಿ. ಬಿಸಿನೀರು ಬಿಟ್ಟುಕೊಡಂಗಿಲ್ಲ.

ನಂದಿನಿ: ಬಿಡ್ರಿ ಅಂದೋರ್ಯಾರು? ಹಂಚ್ಕೊಳ್ರಿ ಅಂದೀನಿ.

ಕೊಳವೆ ಕೆಲಸದ ದಸ್ತಗೀರ್‌ಸಾಬರು ಈ ಗೃಹಕಲಹದ ನಡುವೆ ಮೆಲ್ಲನೆ ಕೆಮ್ಮಿದರು.

ದಸ್ತಗೀರ್‌ಸಾಬ್: ಸರ, ಟ್ಯಾಂಕಿ ಹತ್ರಾನ ಇನ್ನೊಂದು ಬಾಯಿ ತಗದು ಅಮ್ಮಾರಿಗೆ ಬ್ಯಾರೇ ಲೈನ್ ಇಳಸ್ತೀನ್ರಿ. ತಕರಾರ ಇರಂಗಿಲ್ಲ.

ಪಂಪಾಪತಿ: ಪೈಪಿನ ಅಂಗಡಿ ನಿಮ್ಮ ಅಳಿಯಂದಲ್ಲೇನು ಸಾಬ್ರ?

ದಸ್ತಗೀರ್‌ಸಾಬ್: ಹೌದ್ರಿ. ಅವ ಅತ್ತಿ-ಮಾವಗ ಭಾಳ ಮರ್ಯಾದಿ ಕೊಡ್ತಾನ್ರಿ.

ನಂದಿನಿ ಸೆರಗಿನಲ್ಲಿ ನಗೆಯನ್ನು ಮರೆಸಿದಳು. ಪಂಪಾಪತಿಯವರು ಅದನ್ನು ಕಂಡೂ ಕಾಣದವರಂತೆ ಶಾಸ್ತ್ರಕ್ಕೆ ಇಳಿದರು.

ಪಂಪಾಪತಿ: ಗೊರೇಬಾಳದಾಗ ನಂದು ಕಾಲುವಿ ಹೊಲ ಐತಿ. ನೀರಿನ ನ್ಯಾಯ ನನಗ ಕಲಸಬ್ಯಾಡ್ರಿ. ಮೇಲ್ಭಾಗದಾಂವ ಮೊದಲು, ಅವನ ಕಡೆ ಮಿಕ್ಕಿದ್ದು ಕೆಳಭಾಗಕ್ಕ. ಡ್ಯಾಮಿಗೇ ಇನ್ನೊಂದು ಬಾಯಿ ಇಟ್ರ ಕೆಳಗಿನೋರು ಡ್ಯಾಮನ್ನ ಬರಿದು ಮಾಡ್ತಾರ!

ನಂದಿನಿ: ನಮ್ಮವ್ವ ಬಚ್ಚಲದಾಗ ಭತ್ತ ನಾಟಿ ಮಾಡ್ತಾಳೇನ್ರಿ?

ಪಂಪಾಪತಿ: ಸಾಬ್ರ, ನನ್ನ ಬಚ್ಚಲದ ಪೈಪಿನಿಂದಾನ ಕೆಳಗ ಇಳಸ್ರಿ. ನಂದಾದಮ್ಯಾಲ ಉಳಿದದ್ದು ಹೋಗಲಿ.

ದಸ್ತಗೀರ್‌ಸಾಬ್: ಇದು ಕಾಲುವಿ ಅಲ್ರಿ ಸರ, ಪೈಪು...

ಪಂಪಾಪತಿ: ಅದರಾಗ ಹರಿಯೂದು ನೀರಲ್ಲೇನು?

ದಸ್ತಗೀರ್‌ಸಾಬ್: ನೀರ ಹೌದ್ರಿ.

ಪಂಪಾಪತಿ: ಮತ್ತ?

ಪ್ರತ್ಯುತ್ತರಕ್ಕಿಂತ ಅಂಟಿನ ಡಬ್ಬಿಯೇ ಲೇಸೆಂದು ಬಗೆದ ಸಾಬರು ಅದರ ಮುಚ್ಚಳ ತೆರೆದರು. ಸಂಜೆಯೊಳಗೆ ಜೋಡಣೆ ಮುಗಿಯಿತು.

ಮರುದಿನ ಮಾಗಿಯ ಚಳಿ. ಪಂಪಾಪತಿಯವರು ನೆತ್ತಿಯಿಂದ ಪಾದದವರೆಗೆ ನೊರೆಯನ್ನು ಧರಿಸಿ, ಕಣ್ಣು ಮುಚ್ಚಿ, ಸ್ತೋತ್ರದ ಮಧ್ಯಭಾಗದಲ್ಲಿದ್ದರು. ಕೆಳಗೆಲ್ಲೋ ನಲ್ಲಿ ತಿರುಗಿದ ಸದ್ದಾಯಿತು. ಅವರ ನೆತ್ತಿಯ ಮೇಲಿನ ಧಾರೆ ನೂಲಾಯಿತು, ಹನಿಯಾಯಿತು, ಕಡೆಗೊಂದು ನಿಟ್ಟುಸಿರಾಯಿತು.

ಪಂಪಾಪತಿ: ನಂದಿನೀ! ನೀರು ನಿಂತೈತಿ!

ನಂದಿನಿ (ಕೆಳಗಿನಿಂದ): ಇಲ್ಲಿ ನಿಂತಿಲ್ರೀ, ದಬದಬ ಬರಾಕತ್ತೈತಿ.

ಪಂಪಾಪತಿ: ಮ್ಯಾಲಿನಾಂವ ನಾ! ಮೊದಲು ನನಗ ಬರಬೇಕು!

ನಂದಿನಿ: ಪೈಪಿನಾಗಿನ ನೀರು ತಗ್ಗಿಗೆ ಜಗ್ಗತೈತ್ರಿ. ನಾ ಅಡಿಗಿಮನಿ ನಲ್ಲಿ ತಗದ್ರ ಮ್ಯಾಲಿನ ತಣ್ಣೀರ ನಲ್ಲಿ ದಿನಾ ಹಿಂಗ ಸಣ್ಣಾಗತೈತಲ್ಲ!

ಪಂಪಾಪತಿ: ನಿನ್ನೆ ಯಾಕ ಹೇಳಲಿಲ್ಲ?

ನಂದಿನಿ: ಸಾಬ್ರು ಹೇಳಾಕ ಬಂದಿದ್ರು. ನೀವು ಭಾಷಣದಾಗ ಇದ್ರಿ.

ಪಂಪಾಪತಿ: ನಿಮ್ಮವ್ವಗ ಒಂದು ಘಳಿಗಿ ನಲ್ಲಿ ಬಂದ್ ಮಾಡಾಕ ಹೇಳ! ಕಣ್ಣಾಗೆಲ್ಲ ಸಬಕಾರ ಹೊಕ್ಕೈತಿ, ಮೈ ನಡಗಾಕತ್ತೈತಿ!

ಅಳಿಯನೊಡನೆ ಅತ್ತೆ ನೇರವಾಗಿ ಮಾತಾಡುವುದು ಆ ಮನೆತನದ ಸಂಪ್ರದಾಯವಲ್ಲ. ಕೆಳಬಚ್ಚಲಿನ ಬಾಗಿಲ ಹಿಂದಿನಿಂದ, ಹಬೆಯ ನಡುವಿನಿಂದ, ಮಗಳನ್ನು ಕುರಿತು ಆದರೆ ಮಹಡಿಗೂ ಕೇಳುವಂತೆ, ಮೃದುವಾದ ದನಿಯೊಂದು ಎದ್ದಿತು:

“ನಂದಿನೀ, ಅಳಿಯಂದಿರು ಪಾಪ ಭಾಳ ಮನಸಿಟ್ಟು ನೀರು ಕಳಿಸ್ಯಾರವ್ವ. ಆದ್ರ ಕೈ ಇಡಾಕ ಆಗವಲ್ದು, ಅಷ್ಟು ಸುಡಾಕತ್ತೈತಿ. ಮ್ಯಾಲ ತಣ್ಣೀರಿದ್ರ ಒಂದೀಟು ಬಿಡಾಕ ಹೇಳವ್ವ.”