ಚಿಪ್ಪಿನಲ್ಲಿ ಸೋಸಿದ ಭಜನೆ

ಚಿಪ್ಪಿನಿಂದ ಸದ್ದು ಸೋಸುತ್ತೇನೆಂದು ಮುನಿರಾಜು ಘೋಷಿಸಿದ ದಿನ, ಹೆಂಡತಿ ಭಾಗ್ಯಲಕ್ಷ್ಮಿ ಮೊದಲು ಮಾಡಿದ ಕೆಲಸವೆಂದರೆ ಟೀ ಸೋಸುವ ಜರಡಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದದ್ದು.

"ತೆಂಗಿನ ಚಿಪ್ಪಲ್ಲ ಕಣೇ, ಕಂಪ್ಯೂಟರ್ ಒಳಗಿರೋ ಲಾಜಿಕ್ ಚಿಪ್ಪು! ಹೌದು ಅಂದ್ರೆ ಅಲ್ಲ ಅನ್ನುತ್ತೆ, ಅಲ್ಲ ಅಂದ್ರೆ ಹೌದು ಅನ್ನುತ್ತೆ."

"ಅಂಥದ್ದೊಂದನ್ನ ನಮ್ಮಪ್ಪ ಆಗ್ಲೇ ನನ್ನ ಕೊರಳಿಗೆ ಕಟ್ಟಿದಾರಲ್ಲ!"

ಹೌದು-ಅಲ್ಲ ಬಿಟ್ಟರೆ ಮೂರನೆಯದು ತಿಳಿಯದ ಆ ಬಡಪಾಯಿ ಚಿಪ್ಪನ್ನು ಎರಡರ ನಟ್ಟನಡುವೆ ಸಿಕ್ಕಿಸಿ ನಿಲ್ಲಿಸಿದರೆ (ಮದುವೆಯಾದ ಗಂಡಸರೆಲ್ಲ ನಿಂತಿರುವ ಜಾಗವೇ ಅದು) ಕೀರಲು ಸದ್ದನ್ನು ತಡೆದು ದಪ್ಪ ನಾದವನ್ನಷ್ಟೇ ಒಳಗೆ ಬಿಡುತ್ತದೆ. ಶಿವಾಜಿನಗರದ ರೇಡಿಯೊ ರಿಪೇರಿ ಅಕ್ತರ್ ಚಿಪ್ಪು ಕೊಡುವಾಗಲೇ ಎಚ್ಚರಿಸಿದ್ದ: "ಮನೇಲಿ ಆಟ ಆಡಿ ಭಾಯ್, ನಾಲ್ಕು ಜನರ ಮುಂದೆ ಬೇಡ." ಮುನಿರಾಜು ಅದನ್ನೊಂದು ಡಬ್ಬಿಯಲ್ಲಿ ಕೂರಿಸಿ, ಸೋಸುವುದನ್ನು ಹೆಚ್ಚು-ಕಡಿಮೆ ಮಾಡಲು ಮೇಲೊಂದು ಗುಂಡಿ ಇಟ್ಟಿದ್ದ.

ಆದರೆ ಶನಿವಾರ ರಾಮಮೂರ್ತಿ ನಗರದ ಮಹಿಳಾ ಭಜನಾ ಮಂಡಳಿ ಮೊದಲ ಸಲ ಮೈಕಿನಲ್ಲಿ ಹಾಡಲು ಕೂತಾಗ ಸ್ಪೀಕರು "ಕೀಂಯ್" ಎಂದು ಕಿರುಚಿತು. ಬೀದಿಯ ಜನ ಕಿವಿ ಮುಚ್ಚಿಕೊಂಡರು. ಮಂಡಳಿಯ ಮುಖ್ಯಸ್ಥೆ ಭಾಗ್ಯಲಕ್ಷ್ಮಿಗೆ ಅಳುವೇ ಬಂತು.

"ಏನ್ರೀ, ನಿಮ್ಮ ಡಬ್ಬಿ ತರ್ತೀರಾ?"

ಮುನಿರಾಜುಗೆ ನಂಬಲಾಗಲಿಲ್ಲ. ಓಡಿ ಹೋಗಿ ತಂದ, ತಂತಿ ಸಿಕ್ಕಿಸಿದ, ಮೈಕಿನ ಪಕ್ಕದಲ್ಲೇ ಪದ್ಮಾಸನ ಹಾಕಿ ಗುಂಡಿ ತಿರುಗಿಸಿದ. ಕೀರಲು ಮಾಯ! ಚಪ್ಪಾಳೆ ಬಿತ್ತು. ಹೆಂಡತಿ ಹೆಮ್ಮೆಯಿಂದ ನೋಡಿದಳು. ಭಜನೆ ಶುರುವಾಯಿತು, ಅವನೂ ದನಿಗೂಡಿಸಿದ. ಆ ನೋಟದ ಅಮಲಿನಲ್ಲಿ ಗುಂಡಿಯನ್ನು ಇನ್ನೂ ಒಂದಿಷ್ಟು ತಿರುಗಿಸಿದ.

ಹೆಂಗಸರ ದನಿಗಳು ಬಾವಿಗೆ ಬಿದ್ದ ಕೊಡಗಳಂತೆ ಒಂದೊಂದಾಗಿ ಮುಳುಗಿದವು. ಉಳಿದದ್ದು ಒಂದೇ ಒಂದು ಗಂಡು ದನಿ:

"ಭಾಗ್ಯನ ವಡೆಯೋ ಬಲು ಗಟ್ಟಿ... ಬಂಡೆಗಿಂತಲೂ ಗಟ್ಟಿ... ಹಲಸೂರು ಹೋಟ್ಲ ವಡೆಯೇ ವಡೆ..."

ಮುನಿರಾಜು ದಂಗಾದ. ಯಾವನಪ್ಪಾ ಈ ಅಯೋಗ್ಯ? ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಆಗ ತಿಳಿಯಿತು, ಬಾಯಿ ತನ್ನದೇ! ಭಜನೆಯ ಸಾಲುಗಳನ್ನು ಅವನೆಂದೂ ಕಲಿತವನಲ್ಲ. ಗುಂಪಿನ ಮರೆಯಲ್ಲಿ ಬಾಯಿಗೆ ಬಂದದ್ದನ್ನು ರಾಗಕ್ಕೆ ತುಂಬಿ ಕಾಲ ತಳ್ಳಿದ್ದ. ಮನೆಯಲ್ಲಿ ಮಾತ್ರ ಅದೇ ವಡೆಯನ್ನು "ಅಮೃತ" ಎನ್ನುತ್ತಿದ್ದ.

ಅಂದಿನ ಪ್ರಸಾದವೂ ಭಾಗ್ಯಲಕ್ಷ್ಮಿಯ ವಡೆಯೇ. ಮಂಡಳಿಯ ಹಿರಿಯಳು ಬೈರಮ್ಮ ಒಂದನ್ನು ಕಚ್ಚಿದಳು. ಇನ್ನೊಮ್ಮೆ ಕಚ್ಚಿದಳು. ಮೆಲ್ಲಗೆ ತಟ್ಟೆಗೆ ವಾಪಸಿಟ್ಟಳು.

"ಹಾಡೇನೋ ನಿಜಾನೇ ಕಣಮ್ಮಾ."

ಹೆಂಡತಿಯ ಕೈಯಲ್ಲಿ ಡಬ್ಬಿ ಚೂರುಚೂರಾಗುತ್ತದೆಂದು ಮುನಿರಾಜು ಕಣ್ಣು ಮುಚ್ಚಿದ. ಏನೂ ಒಡೆಯಲಿಲ್ಲ. ಕಣ್ಣು ತೆರೆದರೆ ತೊಡೆಯ ಮೇಲೆ ವಡೆಯ ಇಡೀ ಪಾತ್ರೆ, ಮೂತಿಗೆ ಮೈಕು. ಗುಂಡಿಯನ್ನು ಭಾಗ್ಯಲಕ್ಷ್ಮಿ ಪೂರ್ತಿ ಹಿಂದಕ್ಕೆ ತಿರುಗಿಸಿಬಿಟ್ಟಿದ್ದಳು.

"ತಿನ್ನಿ. ಒಂದೂ ಉಳೀಬಾರ್ದು."

ಬೀದಿಯುದ್ದಕ್ಕೂ ಕೇಳಿತು: ಕಟುಂ, ಕಟುಂ, ಕಟುಂ. ಒಂದಿಷ್ಟೂ ಸೋಸದೆ.