ಕದಲಕೂಡದ ಪಾದ

"ನೋಡ್ತಿರು, ಕೂದಲೆಳೆಯಷ್ಟೂ ವ್ಯತ್ಯಾಸ ಇರಲ್ಲ! ನಿನ್ನ ಪಾದವೇ ಎದ್ದು ಬಂದು 'ಇವೆರಡರಲ್ಲಿ ನಾನ್ಯಾವುದು?' ಅಂತ ಕೇಳಬೇಕು, ಹಾಗೆ ಎರಕ ಹೊಯ್ತೀನಿ!"

ಗಾಜು ಕರಗಿಸುವ ಕುಲುಮೆಯ ಮುಂದೆ ನಿಂತು ಗಾಜಿನ ತಾತ ಹೀಗೆ ಘೋಷಿಸಿದ ರಭಸಕ್ಕೆ ಕಪಾಟಿನ ಹೂಜಿಗಳೆಲ್ಲ ಕಿಣಿಕಿಣಿ ಎಂದವು. ಕೇಳಬೇಕಾದ ಹೆಂಡತಿ ಮಾತ್ರ ಆಕಳಿಸಿದರು.

ಊರಿನ ಅರ್ಧ ಮಕ್ಕಳಿಗೆ ನೃತ್ಯ ಕಲಿಸಿದ ಆಕೆ ಮಂಡಿನೋವಿಗೆ ಸೋತು ಪಾಠ ನಿಲ್ಲಿಸುತ್ತಿದ್ದರು. ಬೀಳ್ಕೊಡುಗೆಯ ದಿನ ಶಿಷ್ಯೆಯರೆಲ್ಲರ ಎದುರು ನೃತ್ಯಶಾಲೆಯ ಬಾಗಿಲಲ್ಲಿ ಆಕೆಯ ಪಾದ ಗಾಜಿನಲ್ಲಿ ಬೆಳಗಬೇಕೆಂಬುದು ತಾತನ ಹಟ. ಕುಲುಮೆ ಬಿಟ್ಟು ಕದಲಲಾಗದ ಅವರು ಹೆಂಡತಿಯ ಕುಣಿತ ನೋಡಿದ್ದು ಕಡಿಮೆ, ಹೊಗಳಿದ್ದು ಅದಕ್ಕಿಂತ ಕಡಿಮೆ. ಬಾಯಲ್ಲಿ ಬಾರದ್ದನ್ನು ಗಾಜಿನಲ್ಲಾದರೂ ಹೇಳಿಬಿಡೋಣ ಎಂದು ಹೊರಟಿದ್ದರು.

ಪೆಟ್ಟಿಗೆ ತುಂಬ ಒದ್ದೆ ಮರಳು. ಹೆಂಡತಿ ಕುರ್ಚಿ ಹಿಡಿದುಕೊಂಡು ಅದರಲ್ಲಿ ಪಾದ ಊರಿದರು.

"ಕದಲಕೂಡದು! ಭೂಮಿ ಬೇಕಾದರೆ ಅಲ್ಲಾಡಲಿ, ನಿನ್ನ ಕಿರುಬೆರಳು ಅಲ್ಲಾಡಬಾರದು!"

"ಆಯ್ತು ಮಹಾರಾಯರೇ. ಉಸಿರಾಡಬಹುದಾ, ಅದಕ್ಕೂ ಅಪ್ಪಣೆ ಬೇಕಾ?"

"ಮೂಗಿನ ಹತ್ತಿರವೇ ಆಡಿ ಮುಗಿಸು. ಪಾದದವರೆಗೆ ಇಳಿಸಬೇಡ!"

ತಾತ ಮರದ ಕೊಡತಿ ಎತ್ತಿಕೊಂಡು ಪಾದದ ಸುತ್ತ ಮರಳನ್ನು ಬಡಿದು ಕೂರಿಸತೊಡಗಿದರು. ಟಕಟಕ ಟಂ, ಟಕಟಕ ಟಂ! ಪಳಗಿದ ಕೈ, ತಾನಾಗಿಯೇ ಲಯ ಹಿಡಿಯಿತು. ಕೆಲಸ ರಂಗೇರಿದಂತೆ ಗಂಟಲೂ ಗುನುಗಿತು.

ಪಾದ ತೆಗೆದ ಮೇಲೆ, ಗಾಜು ಮರಳಿಗೆ ಅಂಟದಿರಲೆಂದು ಅಚ್ಚಿಗೆಲ್ಲ ಮಸಿ ಹಿಡಿಸಿದರು. ಬೆರಳೆಲ್ಲಿ, ಹಿಮ್ಮಡಿಯೆಲ್ಲಿ ಎಂಬುದು ಆ ಕಪ್ಪಿನಲ್ಲಿ ಗೂಬೆಗೂ ಕಾಣುತ್ತಿರಲಿಲ್ಲ. ಕರಗಿದ ಗಾಜು ಸೌಟಿನಿಂದ ಜೇನಿನಂತೆ ಇಳಿಯಿತು.

ನಿಧಾನವಾಗಿ ತಣಿಸುವ ಗೂಡಿನಿಂದ ಅದು ಹೊರಬಂದದ್ದು ಬೀಳ್ಕೊಡುಗೆಯ ಹಿಂದಿನ ದಿನ. ತಾತ ಮಸಿ ತೊಳೆದರು. ಹಿಮ್ಮಡಿ, ಆಹಾ! ಒಡಕುಗಳ ಸಮೇತ ಬಂದಿತ್ತು. ಅಂಗಾಲಿನ ಬಾಗು, ಓಹೋ! ಬೆರಳುಗಳು... ತಾತ ಕನ್ನಡಕ ಒರೆಸಿಕೊಂಡರು. ಐದೋ ಹತ್ತೋ ಹೇಳುವಂತಿರಲಿಲ್ಲ! ಒಂದರ ಹಿಂದೊಂದು, ಗಾಳಿಗೆ ಬಾಗುವ ತೆನೆಗಳಂತೆ ಅಲೆಅಲೆಯಾಗಿ ಎದ್ದಿದ್ದವು.

"ಕೆಟ್ಟೆ! ನಾಳೆ ಹುಡುಗೀರೆಲ್ಲ ಟೀಚರ್‌ಗೆ ಜರಿಹುಳದ ಕಾಲು ಅಂತ ನಗ್ತಾರೆ. ನನ್ನ ನೋಡಿ ನಗಲಿ, ನಿನ್ನ ನೋಡಿ ನಗಬಾರದು. ಒಡೆದುಹಾಕ್ತೀನಿ!" ಅದೇ ಕೊಡತಿ ಮೇಲೆದ್ದಿತು.

ಹೆಂಡತಿ ಗಾಜನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಆ ಅಲೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

"ಕದಲಬೇಡ ಅಂದಿದ್ದೆನಲ್ಲೇ!" ಎಂದರು ತಾತ, ಅಳುವ ದನಿಯಲ್ಲಿ.

"ತಾಳ ಹಾಕಿದ್ದು ಯಾರ್ರೀ?"

ತಾತ ಕೈಯಲ್ಲಿದ್ದ ಕೊಡತಿಯನ್ನು ನೋಡಿದರು. ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟರು.

"ಮಂಡಿ ಹೋದಮೇಲೆ ಇವು ಕುಣಿದೇ ಇರಲಿಲ್ಲ ಕಣ್ರೀ. ನೀವು ಬಡಿದ್ರಿ, ತಾವಾಗೇ ಎದ್ದುಬಿಟ್ವು. ಬಾಗಿಲಲ್ಲಿ ಇದೇ ಇರಲಿ."

"ಆದರೂ... ಒಂಚೂರೂ ಅಲುಗದ ಪಾದ ಮಾಡ್ಬೇಕು ಅಂತಿದ್ದೆ."

"ಅಲುಗದ ಪಾದ ಬೇಕಿದ್ರೆ ನಿಮ್ಮದನ್ನೇ ಮರಳಲ್ಲಿ ಊರಬೇಕಿತ್ತು. ಮದುವೆಯಾದಾಗಿಂದ ಅದನ್ನ ಕುಣಿಸೋಕೆ ನೋಡ್ತಾನೇ ಇದ್ದೀನಿ!"